ಲಂಬು ಬೇಯಿಸಿದ ಅನ್ನ

ಎಲ್ಲಕ್ಕೂ ಮೂಲ ಒಂದು ಊಟದ ತಟ್ಟೆ. ಮೂರು ತಿಂಗಳಿಂದ ಅದನ್ನು ತೊಳೆಯಲು ಲಂಬುವಿಗೆ ಯಾರೂ ಬಿಟ್ಟಿರಲಿಲ್ಲ.

ಕಡಲಾಚೆಯ ದೇಶದಿಂದ ಸ್ವಯಂಸೇವಕನಾಗಿ ಬಂದವನು ಅವನು. ಅವನ ನಿಜವಾದ ಹೆಸರು ಓಣಿಯವರ ನಾಲಿಗೆಗೆ ಹೊರಳಲಿಲ್ಲ. ದಿನಕ್ಕೆರಡು ಸಲ ಬಾಗಿಲ ಚೌಕಟ್ಟಿಗೆ ಹಣೆ ಚಚ್ಚಿಕೊಳ್ಳುವ ಆಸಾಮಿಗೆ ಲಂಬು ಎಂಬ ಹೆಸರು ತಾನಾಗಿಯೇ ಅಂಟಿಕೊಂಡಿತು. ತರಬೇತಿ ಮುಗಿಯುವವರೆಗೆ ಓಣಿಯ ಒಬ್ಬ ಅಜ್ಜಿಯ ಮನೆಯಲ್ಲಿ ವಾಸ, ಆಮೇಲೆ ಗುಡ್ಡದ ಮೇಲಿನ ಶಾಲೆಯಲ್ಲಿ ಎರಡು ವರ್ಷ ಕೆಲಸ. ಅಲ್ಲಿ ಅವನಿಗೊಂದು ಕೋಣೆ, ಕೋಣೆಗೊಂದು ಬೀಗ, ಬೀಗದ ಕೈ ಅವನ ಜೇಬಿನಲ್ಲಿ! ನೆನೆದರೇ ಅವನಿಗೆ ಹಿಗ್ಗು.

ನಡುವೆ ಉಳಿದಿದ್ದು ಕಡೆಯ ಪರೀಕ್ಷೆ. ಆ ದಿನ ಸಂಜೆ ನಾಲ್ಕಕ್ಕೆ ತರಬೇತಿ ಮೇಡಂ ಮನೆಗೇ ಬಂದು, ಅವನು ಒಗೆದ ಬಟ್ಟೆ ನೋಡಿ, ಅವನು ಬೇಯಿಸಿದ ಅನ್ನ ಉಂಡು, ‘ಒಬ್ಬನೇ ಬದುಕಬಲ್ಲ’ ಎಂದು ಬರೆದುಕೊಡಬೇಕು. ಇಲ್ಲದಿದ್ದರೆ ಮುಂದಿನ ವಾರದ ವಿಮಾನಕ್ಕೆ ಗಂಟುಮೂಟೆ.

“ಅಜ್ಜಿ, ಇವತ್ತೊಂದು ದಿನ ಯಾರೂ ಕೈ ಹಾಕ್ಬೇಡಿ. ಎಲ್ಲಾ ನಾನೇ ಮಾಡ್ತೀನಿ” ಎಂದು ಬೆಳಗ್ಗೆಯೇ ಅಂಗಲಾಚಿದ.

“ಆಯ್ತಪ್ಪ, ನಾವ್ಯಾಕೆ ಅಡ್ಡ ಬರೋಣ?” ಎನ್ನುತ್ತಲೇ ಅಜ್ಜಿ ಅವನ ಕೈಯಿಂದ ಬಕೆಟ್ಟು ಕಿತ್ತುಕೊಂಡಳು.

ಹೇಗೋ ಬಕೆಟ್ಟು ವಾಪಸು ಪಡೆದು, ಉಪಕಾರ ಮಾಡುವ ಹುಮ್ಮಸ್ಸಿನಲ್ಲಿ ಅಜ್ಜಿಯ ಹೊಸ ಕೆಂಪು ಹೊದಿಕೆಯನ್ನೂ ತನ್ನ ಅಂಗಿಗಳ ಜೊತೆ ನೆನೆಹಾಕಿದ. ಇದ್ದ ಮೂರು ಬಿಳಿ ಅಂಗಿಗಳೂ ಗುಲಾಬಿಯಾಗಿ ಹಗ್ಗ ಏರಿದವು.

ಪಕ್ಕದ ಮನೆಯ ಟೈಲರಮ್ಮ ಗೋಡೆಯಾಚೆಯಿಂದ ಇಣುಕಿದಳು. “ಬಣ್ಣ ಭಾಳ ಚೆನ್ನಾಗಿದೆ ಕಣಪ್ಪ. ಮದುವೆ ಗೊತ್ತಾಯ್ತಾ?”

ಮೂರು ಗಂಟೆಗೆ ಅಡುಗೆ ಶುರುವಾಯಿತು. ಪಂಪ್ ಸ್ಟೌವಿಗೆ ಲಂಬು ಸೈಕಲ್ ಚಕ್ರಕ್ಕೆ ಗಾಳಿ ಹೊಡೆದಂತೆ ಹೊಡೆದ. ಬುಸ್ಸೆಂದು ಎದ್ದ ಬೆಂಕಿ ಅವನ ಅರ್ಧ ಹುಬ್ಬು ತಿಂದು ಅನ್ನದ ಪಾತ್ರೆಯನ್ನು ಸುತ್ತಿಕೊಂಡಿತು. ಎದುರುಮನೆಯ ರಿಟೈರ್ಡ್ ಪೋಸ್ಟ್‌ಮ್ಯಾನ್ ಒಂದು ಚೀಲ ಮರಳು ಹೊತ್ತು ಓಡಿಬಂದ. ಅರ್ಧ ಸ್ಟೌವಿನ ಮೇಲೆ ಬಿತ್ತು, ಉಳಿದದ್ದು ಲಂಬುವಿನ ತಲೆಯ ಮೇಲೆ. ಪಾತ್ರೆಯಲ್ಲಿ ಕೆಳಗೆ ಇದ್ದಿಲು, ಮೇಲೆ ಹಸಿ ಅಕ್ಕಿ. ಗಡಿಯಾರದಲ್ಲಿ ನಾಲ್ಕಕ್ಕೆ ಹತ್ತು ನಿಮಿಷ.

“ನೀನು ಹೋಗಿ ಮೈ ತೊಳ್ಕೊಂಡು ಬಾ. ಪಾತ್ರೆ ನಾವು ನೋಡ್ಕೋತೀವಿ” ಎಂದಳು ಅಜ್ಜಿ. ವಿಮಾನದ ಮೆಟ್ಟಿಲು ಕಣ್ಣ ಮುಂದೆ ಬಂದು ಲಂಬುವಿಗೆ ಅಳುವೇ ಬಂತು.

ಗುಲಾಬಿ ಅಂಗಿ ತೊಟ್ಟು ಬರುವಷ್ಟರಲ್ಲಿ ಮೇಡಂ ಉಣ್ಣುತ್ತಿದ್ದರು. ತಟ್ಟೆಯಲ್ಲಿ ಬೆಳ್ಳಗೆ, ಉದುರುದುರಾದ ಅನ್ನ! ಟೈಲರಮ್ಮ ಸೂರು ನೋಡುತ್ತಿದ್ದಳು. ಅವಳ ಸೆರಗಿನಡಿ ಮಸಿ ಹಿಡಿದ ಪಾತ್ರೆಯ ಹಿಡಿ ಕಾಣುತ್ತಿತ್ತು.

“ನೀನೇ ಮಾಡಿದ್ದಾ?” ಎಂದರು ಮೇಡಂ.

ಲಂಬು ತಟ್ಟೆಯನ್ನೊಮ್ಮೆ, ಟೈಲರಮ್ಮನನ್ನೊಮ್ಮೆ ನೋಡಿದ. “ಅಕ್ಕಿ ನಾನೇ ತೊಳೆದೆ, ಮೇಡಂ.”

“ವಿನಯ ನೋಡಿ! ಬಟ್ಟೆ ಒಗೆದಿದ್ದೂ ನೀನೇ ಅನ್ನೋಕೆ ಬೇರೆ ಸಾಕ್ಷಿ ಬೇಡ, ಬಿಡು.” ಮೇಡಂ ನಗುತ್ತಾ ‘ಒಬ್ಬನೇ ಬದುಕಬಲ್ಲ’ ಎಂದು ಬರೆದು ಸಹಿ ಹಾಕಿದರು. ಲಂಬುವಿಗೆ ಓಣಿಯವರನ್ನೆಲ್ಲ ತಬ್ಬಿಕೊಳ್ಳುವಷ್ಟು ಸಂತೋಷವಾಯಿತು.

“ಆದ್ರೆ ಗುಡ್ಡದ ಶಾಲೆಗೆ ಬೇರೆಯವರನ್ನ ಕಳಿಸ್ತೀನಿ” ಎಂದು ಮೇಡಂ ಮುಂದುವರಿಸಿದರು. “ಹೊಸಬರಿಗೆ ಅಡುಗೆ ಕಲಿಸೋಕೆ ನನಗೆ ನಿನ್ನಂಥೋರೇ ಬೇಕಿತ್ತು. ಎರಡು ವರ್ಷ ನೀನು ಇಲ್ಲೇ, ಈ ಮನೇಲೇ ಇರು. ಚೆನ್ನಾಗಿ ಅಡುಗೆ ಬರೋನು ಸಿಕ್ಕಿದ್ರೆ ಇಲ್ಲೇ ಉಳಿಸ್ಕೋತೀನಿ ಅಂತ ಅಜ್ಜಿಗೆ ಹೋದ ವಾರವೇ ಹೇಳಿದ್ದೆ.”

ಲಂಬು ಅಜ್ಜಿಯ ಕಡೆ ತಿರುಗಿದ. ಅಜ್ಜಿ ಬಹಳ ಶ್ರದ್ಧೆಯಿಂದ ಅವನಿಗೆ ಅನ್ನ ಬಡಿಸುತ್ತಿದ್ದಳು.

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅನ್ನ ಅಷ್ಟು ಚೆನ್ನಾಗಿತ್ತು, ಆ ಮನೆಯೂ ಅವನಿಗೆ ಅಷ್ಟೇ ಇಷ್ಟವಾಗಿತ್ತು. ಎರಡು ಸಲ ಬಡಿಸಿಕೊಂಡು ಉಂಡ. ಬೀಗದ ಕೈ ಹೋದರೆ ಹೋಗಲಿ, ತಟ್ಟೆಯನ್ನಾದರೂ ತೊಳೆಯೋಣವೆಂದು ಎದ್ದ.

“ಇಡಪ್ಪ ಅದನ್ನ!” ಅಜ್ಜಿ ತಟ್ಟೆ ಕಿತ್ತುಕೊಂಡಳು. “ನೀನೀಗ ಅಡುಗೆ ಮೇಷ್ಟ್ರು. ಮೇಷ್ಟ್ರು ಎಲ್ಲಾದ್ರೂ ತಟ್ಟೆ ತೊಳೀತಾರಾ?”