ಸೂಜಿಯಜ್ಜಿ, ನಾನು ಮತ್ತು ಊರಿನ ಮನರಂಜನೆ

ಇಡೀ ಊರನ್ನು ಸಂತೋಷವಾಗಿಡುವುದು ನನ್ನ ಗಂಡನ ಉದ್ಯೋಗ. ಸುಮ್ಮನೆ ಹೇಳುತ್ತಿಲ್ಲ. ಪುರಸಭೆಯವರು ಅದಕ್ಕೆಂದೇ ಅವರಿಗೆ ಒಂದು ಮೇಜು, ಅಲ್ಲಾಡುವ ಕುರ್ಚಿ ಮತ್ತು ‘ಮನರಂಜನಾ ಯೋಜನಾಧಿಕಾರಿ’ ಎಂಬ ಫಲಕ ಕೊಟ್ಟಿದ್ದಾರೆ. ಯಾವ ಬೀದಿಯ ಮಕ್ಕಳಿಗೆ ಜಾರುಬಂಡೆ ಬೇಕು, ಯಾವ ಮರದ ಕೆಳಗೆ ಬೆಂಚು ಹಾಕಿದರೆ ಹಿರಿಯರು ಕೂರುತ್ತಾರೆ, ಯಾವ ಸಂಜೆ ಹಾಡು, ಯಾವ ಸಂಜೆ ಆಟ, ಎಲ್ಲ ಅವರದೇ ತೀರ್ಮಾನ. (ಮದುವೆಯಾದ ಹೊಸತರಲ್ಲಿ ನನ್ನನ್ನು ಕೆರೆಯ ದಡಕ್ಕೆ ಕರೆದುಕೊಂಡು ಹೋಗಿದ್ದರು. ನಾನು ನಾಚಿಕೊಂಡು ನಿಂತಿದ್ದೆ. ಅವರು ಬೆಂಚಿನಿಂದ ಬೆಂಚಿಗೆ ಎಷ್ಟು ದೂರವೆಂದು ಅಳೆಯುತ್ತ ಹೋದವರು ಕತ್ತಲಾದ ಮೇಲೆ ಹಿಂತಿರುಗಿದರು.) ಇಂಥ ಮಹಾನುಭಾವ ಮನೆಗೆ ಬಂದರೆ ಆಡುವುದು ಒಂದೇ ಮಾತು.

“ಉಪ್ಪು ಜಾಸ್ತಿಯಾಯ್ತಾ?”

“ಸರಿ.”

“ಸರಿ ಅಂದ್ರೆ? ಜಾಸ್ತಿನಾ, ಕಮ್ಮಿನಾ?”

“ಸರಿ, ಸರಿ.”

ಇಂಥವರ ಜೊತೆ ಜಗಳ ಕಾಯುವುದು ಹತ್ತಿಯ ಮೂಟೆಗೆ ಗುದ್ದಿದ ಹಾಗೆ. ಆದರೆ ಅತ್ತೆ ಇರುವ ತನಕ ನನಗೆ ಜಗಳದ ಕೊರತೆ ಇರಲಿಲ್ಲ. ನಾನು ಕಿಟಕಿ ತೆರೆದರೆ ಅವರು ಮುಚ್ಚುತ್ತಿದ್ದರು, ಮುಚ್ಚಿದರೆ, “ಉಸಿರು ಕಟ್ಟಿಸಿ ಕೊಲ್ಲೋ ಯೋಚನೆಯಾ?” ಎಂದು ತೆರೆಯುತ್ತಿದ್ದರು. ಹುರುಳಿಕಾಯಿ ಸಣ್ಣಗೆ ಹೆಚ್ಚಿದರೆ, “ಯಾಕೆ, ಹಕ್ಕಿಗೆ ಹಾಕೋಕಾ?” ದಪ್ಪಗೆ ಹೆಚ್ಚಿದರೆ, “ಒಲೆಗೆ ಹಾಕೋಕಾ?” ನಾನೂ ಬಿಡುತ್ತಿರಲಿಲ್ಲ. “ಹಕ್ಕಿ ನಿಮ್ಮಷ್ಟು ಕಿಚಿಪಿಚಿ ಮಾಡಲ್ಲ ಬಿಡಿ” ಎನ್ನುತ್ತಿದ್ದೆ. ಬೆಳಗಿನ ಚಹಾದಿಂದ ಹಾಸಿಗೆ ಸೇರುವ ತನಕ ನಮ್ಮ ಮನೆಯಲ್ಲಿ ಹೀಗೆ ಅಖಂಡ ವಾಕ್ಸಮರ.

ಕಳೆದ ಚಳಿಗಾಲದ ಒಂದು ದಿನ ನನ್ನ ಯಾವುದೋ ಮಾತಿಗೆ ತಕ್ಕ ಉತ್ತರ ಸಿಗದೆ, “ಇರು, ನಾಳೆ ಬೆಳಿಗ್ಗೆ ಹೇಳ್ತೀನಿ ನಿನಗೆ” ಎಂದು ಕೋಣೆಯ ಬಾಗಿಲು ಹಾಕಿಕೊಂಡರು. ಮರುದಿನ ನಾನು ನಾಲ್ಕಾರು ಜವಾಬು ಸಿದ್ಧ ಮಾಡಿಕೊಂಡೇ ಚಹಾ ಹಿಡಿದು ಹೋದೆ. ಅವರು ಏಳಲಿಲ್ಲ.

ಅತ್ತೆ ಹೋದರೆಂದು ನಾನು ಅತ್ತೆನೇ? ಇಲ್ಲ. (ಎರಡಕ್ಕೂ ಒಂದೇ ಪದ ಇಟ್ಟವರು ನಮ್ಮತ್ತೆಯನ್ನು ಕಂಡವರಲ್ಲ.) ನನಗೆ ಬಂದದ್ದು ಸಿಟ್ಟು. ಮಾತನ್ನು ಅರ್ಧಕ್ಕೆ ಬಿಟ್ಟು ಹೋಗುವುದು ಯಾವ ನ್ಯಾಯ? ಗಂಡನೂ ಅಳಲಿಲ್ಲ. ಬಂದವರಿಗೆಲ್ಲ ಕುರ್ಚಿ ಹಾಕಿದರು, ಹೋದವರ ಕುರ್ಚಿ ಮಡಚಿಟ್ಟರು, ಆಮೇಲೆ ಕಚೇರಿಗೆ ಹೋದರು. ಹೆತ್ತ ತಾಯಿಯ ಸಾವಿಗೂ ‘ಸರಿ’ ಎನ್ನಬಲ್ಲ ಮನುಷ್ಯ ಎಂದುಕೊಂಡೆ.

ಆಮೇಲೆ ಮನೆ ಎಂಬುದು ಆಸ್ಪತ್ರೆಯ ಮೊಗಸಾಲೆಯಂತಾಯಿತು. ಕಿಟಕಿ ತೆರೆದರೆ ತೆರೆದೇ ಇರುತ್ತಿತ್ತು. ಹುರುಳಿಕಾಯಿಯನ್ನು ಒಂದು ದಿನ ಬೇಕೆಂದೇ ಬೆರಳುದ್ದ ಹೆಚ್ಚಿದೆ. ಗಂಡ ಮಾತಿಲ್ಲದೆ ತಿಂದರು. ನನ್ನ ನಾಲಿಗೆಗೆ ತುಕ್ಕು ಹಿಡಿಯಿತು. ನಡುಮಧ್ಯಾಹ್ನ ಅತ್ತೆಯ ಕೋಣೆಯ ಹೊಸ್ತಿಲಲ್ಲಿ ನಿಂತು, “ಹೇಳಿ, ಏನು ಹೇಳ್ಬೇಕಂತಿದ್ರಿ?” ಎಂದು ಖಾಲಿ ಮಂಚವನ್ನು ಕೇಳುತ್ತಿದ್ದೆ. ಅದನ್ನು ಗಂಡ ಒಂದು ದಿನ ನೋಡಿಬಿಟ್ಟರು.

“ನಿನಗೆ ಮನರಂಜನೆ ಬೇಕು” ಎಂದರು, ವೈದ್ಯರು ಔಷಧ ಬರೆಯುವ ಧಾಟಿಯಲ್ಲಿ.

“ನಿಮ್ಮನ್ನ ಮದುವೆಯಾದಾಗ್ಲೇ ಅದರಾಸೆ ಬಿಟ್ಟೆ.”

“ಸರಿ. ನಾಳೆಯಿಂದ ಭವನಕ್ಕೆ ಬಾ.”

ಆಗಷ್ಟೇ ಅವರು ಮಾರುಕಟ್ಟೆಯ ಹಿಂದಿದ್ದ ಹಳೇ ಉಗ್ರಾಣಕ್ಕೆ ಸುಣ್ಣ ಬಳಿಸಿ, ‘ಸಮುದಾಯ ಮನರಂಜನಾ ಭವನ’ ಎಂದು ಹೆಸರಿಟ್ಟಿದ್ದರು. ಹಗಲೂ ಸಂಜೆಯೂ ಅಲ್ಲೇ ಬಿದ್ದಿರುತ್ತಿದ್ದರು. ನಾನೂ ಹೋದೆ. ಸಂಗೀತದ ತರಗತಿಯಲ್ಲಿ ಮೇಷ್ಟ್ರು, “ನೀವು ತುಟಿ ಮಾತ್ರ ಆಡಿಸಿ ಸಾಕು” ಎಂದರು. ಮಣ್ಣಿನ ತರಗತಿಯಲ್ಲಿ ನಾನು ಮಾಡಿದ ಹೂದಾನಿಯನ್ನು ಎಲ್ಲರೂ ಕುಳಿತ ಬಾತುಕೋಳಿ ಎಂದು ಹೊಗಳಿದರು. ಕೊನೆಗೆ ಹೆಣಿಗೆಯ ಮೂಲೆ ಸೇರಿದೆ. ಅಲ್ಲಿಯ ಹೆಂಗಸರೋ, ಸಭ್ಯತೆಯನ್ನೇ ಬೆಲ್ಲ ಹಾಕಿ ಉಂಡೆ ಕಟ್ಟಿದಂತಿದ್ದರು. ಯಾರು ಏನು ಹೆಣೆದರೂ “ಎಷ್ಟು ಚೆನ್ನಾಗಿದೆ!” ನನಗೆ ಆಕಳಿಕೆ ಬಂದು ದವಡೆ ನೋಯುತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಹೊಸ ಅಜ್ಜಿಯೊಬ್ಬರು ಬಂದರು. ಬಡಕಲು ಮೈ, ಬೆನ್ನು ನೇರ, ಮೂಗು ಚೂಪು, ಕೈಯಲ್ಲಿ ಉದ್ದನೆಯ ಎರಡು ಸೂಜಿ. (ನಾಲಿಗೆಯೇ ಮೂರನೆಯದು ಎಂದು ಆಮೇಲೆ ಗೊತ್ತಾಯಿತು. ಸೂಜಿಯಜ್ಜಿ ಎಂಬುದು ನಾನೇ ಇಟ್ಟ ಹೆಸರು.) ನನ್ನ ಪಕ್ಕ ಕುಳಿತು, ನಾನು ಹೆಣೆಯುತ್ತಿದ್ದ ಸ್ವೆಟರಿನ ತೋಳನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು.

“ಇದೇನು, ಆನೆಗೆ ಕಾಲುಚೀಲವಾ?”

ಮೂಲೆಯ ಹೆಂಗಸರೆಲ್ಲ ಹೆಣಿಗೆ ಕೆಳಗಿಟ್ಟರು. ನನ್ನ ಎದೆಯಲ್ಲಿ ಏನೋ ದಡಬಡಿಸಿ ಎದ್ದು ಕೂತಿತು.

“ಹೌದು, ನಿಮ್ಮ ಅಳತೆ ಸಿಕ್ಕಿದ್ರೆ ಸೊಳ್ಳೆಗೂ ಒಂದು ಹೆಣೀತೀನಿ” ಎಂದೆ.

ಸೂಜಿಯಜ್ಜಿಯ ಕಣ್ಣು ಮಿಂಚಿತು. ಅಷ್ಟೇ, ಶುರು! ನೂಲಿನ ಬಣ್ಣದಿಂದ ಹಿಡಿದು ನಾನು ಕುಳಿತುಕೊಳ್ಳುವ ಭಂಗಿಯ ತನಕ ಒಂದನ್ನೂ ಅವರು ಬಿಡಲಿಲ್ಲ. ಒಂದನ್ನೂ ನಾನು ಸಾಲ ಉಳಿಸಿಕೊಳ್ಳಲಿಲ್ಲ. ಆ ಸಂಜೆ ನಾನು ಎರಡು ಸಲ ಬಡಿಸಿಕೊಂಡು ಉಂಡೆ. ತಿಂಗಳುಗಳಿಂದ ಮುಟ್ಟದಿದ್ದ ಪರದೆಗಳನ್ನು ಒಗೆದೆ. ಗಂಡ ನನ್ನನ್ನೇ ನೋಡುತ್ತ, “ಸರಿ” ಎಂದರು.

ಅಂದಿನಿಂದ ದಿನಾ ಜಗಳ. ಭವನದ ಕಿಟಕಿ ನಾನು ತೆರೆದರೆ ಅವರು ಮುಚ್ಚುವರು. ನಮ್ಮ ದನಿಗೆ ಪಕ್ಕದಲ್ಲಿ ಚದುರಂಗ ಆಡುತ್ತಿದ್ದವರ ಕುದುರೆಗಳು ದಿಕ್ಕು ತಪ್ಪಿದವಂತೆ. ನಿವೃತ್ತ ಗಣಿತದ ಮೇಷ್ಟ್ರೊಬ್ಬರು ಸೋತ ಸಿಟ್ಟಿಗೆ ಪುರಸಭೆಗೆ ದೂರು ಕೊಟ್ಟರು. ಗಂಡ ಮನೆಯಲ್ಲಿ ಊಟದ ತಟ್ಟೆಯ ಮುಂದೆ ಗಂಟಲು ಸರಿಮಾಡಿಕೊಂಡು ಅಧಿಕಾರಿಯಾದರು.

“ನಿಮ್ಮಿಬ್ಬರ ಮೇಲೆ ದೂರು ಬಂದಿದೆ. ಎರಡು ವಾರ ನೀವಿಬ್ಬರೂ ಭವನಕ್ಕೆ ಬರೋ ಹಾಗಿಲ್ಲ.”

“ಕಟ್ಟಿಕೊಂಡ ಹೆಂಡತಿಗೇ ನಿಷೇಧವಾ?”

“ನಿಯಮ ಎಲ್ಲರಿಗೂ ಒಂದೇ.”

“ಯಾರು ಮಾಡಿದ್ದು ಆ ನಿಯಮ?”

“ನಾನೇ. ಈಗ ತಾನೇ.”

ಊರಿನ ಇತಿಹಾಸದಲ್ಲೇ ಮನರಂಜನೆಯಿಂದ ಗಡೀಪಾರಾದ ಮೊದಲ ಹೆಂಗಸು ನಾನು. ಎರಡು ದಿನ ಮುಖ ಊದಿಸಿಕೊಂಡಿದ್ದೆ. ಆಮೇಲೆ ತಡೆಯಲಾರದೆ, ತಪ್ಪೆಲ್ಲ ನಿಮ್ಮದೇ ಎಂದು ಹೇಳಿಬರೋಣವೆಂದು ಸೂಜಿಯಜ್ಜಿಯ ಮನೆ ಹುಡುಕಿಕೊಂಡು ಹೋದೆ. ಗಡಿಯಾರ ರಿಪೇರಿಯ ಅಂಗಡಿ, ಅದರ ಹಿಂದೆ ಮನೆ. ಅಂಗಡಿಯಲ್ಲಿದ್ದ ಮಗ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದು ನನ್ನನ್ನು ನೋಡಿದ.

“ಕಿಟಕಿ ತೆರೆಯೋರು ನೀವೇನಾ?” ಎಂದ.

ಬೈಯುತ್ತಾನೆಂದು ಸೆಟೆದು ನಿಂತೆ. ಅವನು ಎದ್ದು ಕುರ್ಚಿ ಕೊಟ್ಟ. “ನನ್ನ ಹೆಂಡತಿ ಕಾಯಿಲೆಯಾಗಿ ತೀರಿಕೊಂಡ ಮೇಲೆ ಅಮ್ಮ ಬಾಯೇ ಬಿಟ್ಟಿರಲಿಲ್ಲ. ಅವರಿಬ್ರಿಗೂ ದಿನಾ ಹಾವು ಮುಂಗುಸಿ. ನಿಮ್ಮ ಮನೆಯವರು ಗಡಿಯಾರ ಕೊಡೋಕೆ ಬಂದಾಗ ಹೇಳಿದೆ. ಭವನಕ್ಕೆ ಕಳಿಸಿ ಅಂದ್ರು. ಈಗ ಮನೆಗೆ ಬಂದ್ರೆ ಊಟದ ಹೊತ್ತಿಡೀ ನಿಮ್ಮನ್ನ ಬೈತಾರೆ.” ಅವನು ಭೂತಗನ್ನಡಿಯನ್ನು ಅಂಗಿಯ ಚುಂಗಿಗೆ ಒರೆಸಿದ. “ಚೆನ್ನಾಗಿ ಊಟ ಮಾಡ್ತಾರೆ.”

ಒಳಗಿಂದ ದನಿ ಬಂತು. “ಯಾರದು? ಅವಳಾ? ಕಾಲೊರೆಸಿಕೊಂಡು ಬರೋಕೆ ಹೇಳು.”

ಕಾಲೊರೆಸಿಕೊಂಡು ಹೋದೆ. ಇಬ್ಬರೂ ಎದುರುಬದುರು ಕುಳಿತೆವು. ಬೈಯಲು ಬಂದವಳ ಕಣ್ಣು ಗೋಡೆಯ ಕಡೆ ಹೋಯಿತು. ಗೋಡೆಯ ಗೂಟದಲ್ಲಿ ಸೊಸೆಯ ಅಂಗಿಯೊಂದು ಹಾಗೆಯೇ ನೇತಾಡುತ್ತಿತ್ತು.

“ಅವಳೂ ನಿನ್ನ ಹಾಗೇ ಎದುರುತ್ತರ ಕೊಡೋಳು” ಎಂದರು ಸೂಜಿಯಜ್ಜಿ. “ಆದ್ರೆ ಚುರುಕು. ನಿನ್ನ ಜವಾಬು ಸ್ವಲ್ಪ ತಡ.”

“ನಮ್ಮತ್ತೆಗೆ ಹಲ್ಲು ಸ್ವಲ್ಪ ಕಮ್ಮಿ, ಮಾತು ನಿಧಾನ. ನನಗೂ ಅದೇ ಅಭ್ಯಾಸವಾಗಿರ್ಬೇಕು.”

“ಕೊನೇ ಸಲ ಆಸ್ಪತ್ರೇಲಿ ನಾನು ಏನಂದ್ರೂ ‘ಆಯ್ತು ಅತ್ತೆ’ ಅಂದ್ಬಿಟ್ಲು. ಆಗ್ಲೇ ನನಗೆ ಗೊತ್ತಾಯ್ತು.”

ಅವರು ನೂಲಿನ ಉಂಡೆಯನ್ನು ಸುತ್ತುತ್ತಲೇ ಇದ್ದರು. ಅದು ಆಗಲೇ ಪೂರ್ತಿ ಸುತ್ತಿದ ಉಂಡೆ. ನಾನು ಚಹಾ ಮಾಡಿಕೊಟ್ಟೆ. ಅವರು ಸಕ್ಕರೆ ಜಾಸ್ತಿ ಎಂದರು. ನನಗೆ ಸಮಾಧಾನವಾಯಿತು.

ಇತ್ತ ಭವನದಲ್ಲಿ ಬೇರೆಯೇ ಕಥೆ. ನಾವಿಬ್ಬರು ಇಲ್ಲದ ಮೇಲೆ ಬರುವವರೇ ಇಲ್ಲ! ಚದುರಂಗದವರೂ ಹಾಡಿನವರೂ ಅಷ್ಟು ದಿನ ನಮ್ಮ ಜಗಳ ಕೇಳಲೆಂದೇ ಬರುತ್ತಿದ್ದರಂತೆ. ಗಣಿತದ ಮೇಷ್ಟ್ರೇ, “ನಿಷೇಧ ತೆಗೀರಿ, ಬೇಜಾರಾಗ್ತಿದೆ” ಎಂದು ಎರಡನೇ ದೂರು ಕೊಟ್ಟರು. ಪುರಸಭೆಯ ಅಧ್ಯಕ್ಷರು ಗಂಡನನ್ನು ಕರೆಸಿ, “ಅದನ್ನೇ ಒಂದು ಕಾರ್ಯಕ್ರಮ ಮಾಡಿಬಿಡಿ” ಎಂದು ಅಪ್ಪಣೆ ಕೊಡಿಸಿದರು. ವೇದಿಕೆ, ಧ್ವನಿವರ್ಧಕ, ಹೂವಿನ ಕುಂಡ. ಕಾರ್ಯಕ್ರಮದ ಹೆಸರು ‘ಹಾಸ್ಯ ವಾಗ್ವಾದ’. ನಾನು ಉಬ್ಬಿಹೋದೆ. ಕನ್ನಡಿಯ ಮುಂದೆ ನಿಂತು ಬೈಗುಳ ಅಭ್ಯಾಸ ಮಾಡಿದೆ. ಒಳ್ಳೆಯ ಉಡುಪು ಇಸ್ತ್ರಿ ಮಾಡಿದೆ.

ಆ ಸಂಜೆ ಭವನ ಕಿಕ್ಕಿರಿದಿತ್ತು. ನಾನೂ ಸೂಜಿಯಜ್ಜಿಯೂ ವೇದಿಕೆಯ ಮೇಲೆ ಎರಡು ಕುರ್ಚಿಗಳಲ್ಲಿ ಕುಳಿತೆವು. ನಾನು ಹೆಣೆದ ತೋಳನ್ನು ಅವರ ಮುಂದೆ ಹಿಡಿದೆ. ಸಭೆ ಕಿವಿ ನಿಮಿರಿಸಿತು. ಸೂಜಿಯಜ್ಜಿ ಅಷ್ಟು ಜನರನ್ನು ನೋಡಿದರು, ತೋಳನ್ನು ನೋಡಿದರು, ನನ್ನ ಮುಖ ನೋಡಿದರು. ತೋಳಿನ ಮೇಲೆ ಒಮ್ಮೆ ಕೈಯಾಡಿಸಿದರು.

“ಚೆನ್ನಾಗಿ ಹೆಣೆದಿದ್ದೀಯಮ್ಮ” ಎಂದುಬಿಟ್ಟರು.

ಸಿದ್ಧ ಮಾಡಿಕೊಂಡ ಜವಾಬೆಲ್ಲ ಎಲ್ಲಿ ಹೋಯಿತೋ! ಅತ್ತೆಯ ಬಾಯಿಂದ ಒಂದೇ ಒಂದು ಸಲ ಕೇಳಬೇಕೆಂದಿದ್ದ ಮಾತು ಧ್ವನಿವರ್ಧಕದಲ್ಲಿ ಇಡೀ ಭವನಕ್ಕೆ ಕೇಳಿಸಿತು. ಅವರು ಹೋದ ದಿನ ಬಾರದ ಅಳು ಆಗ ಬಂತು. ಊರಿನ ನೂರಾರು ಜನರ ಮುಂದೆ, ಹೂವಿನ ಕುಂಡದ ಪಕ್ಕ, ಮೂಗು ಸುರಿಸಿಕೊಂಡು ಗೊಳೋ ಎಂದು ಅತ್ತೆ. ಸೂಜಿಯಜ್ಜಿಯೂ ನನ್ನ ಕೈ ಹಿಡಿದು ಅತ್ತರು. ಜನ ಮೊದಲು ಇದೂ ಹಾಸ್ಯವೆಂದು ನಕ್ಕರು, ಆಮೇಲೆ ಸುಮ್ಮನಾದರು.

ಕಾರ್ಯಕ್ರಮ ಕೈಕೊಟ್ಟಿತೆಂದು ವಂದನೆ ಹೇಳಿ ಮುಗಿಸಲು ಗಂಡ ವೇದಿಕೆ ಹತ್ತಿದರು. “ಸಭಿಕರೇ” ಎಂದರು. ಮತ್ತೆ “ಸಭಿಕರೇ” ಎಂದರು. ಮೂರನೆಯ ಸಲ ಬಾಯಿ ತೆರೆದರು, ಬಂದದ್ದು “ಅಮ್ಮಾ”. ಆಮೇಲೆ ಆ ಮನುಷ್ಯ ಅತ್ತದ್ದು ಹೇಗೆಂದರೆ, ಧ್ವನಿವರ್ಧಕವೇ ಕಿರುಚಿಕೊಂಡಿತು.

“ಅಳೋದಾದ್ರೆ ಕೂತ್ಕೊಂಡು ಅಳಪ್ಪಾ, ಬಿದ್ದೀಯ” ಎಂದು ಸೂಜಿಯಜ್ಜಿ ತಮ್ಮ ಕುರ್ಚಿ ಬಿಟ್ಟುಕೊಟ್ಟರು.

ಎಲ್ಲರೂ ಹೋದ ಮೇಲೆ ನಾನೂ ಗಂಡನೂ ಮನೆಯ ಕಡೆ ನಡೆದೆವು. ಅತ್ತು ಹಗುರಾಗಿದ್ದ ನನಗೆ ಈಗ ಸಿಟ್ಟು ಬಂತು.

“ಇಷ್ಟು ದಿನ ಕಲ್ಲಿನ ಹಾಗಿದ್ದು, ಅಷ್ಟು ಜನದ ಮುಂದೆ ಹೀಗಾ? ಮನೇಲಿ ಒಂದು ಹನಿ ಹಾಕಿದ್ರಾ?”

“ಮನೇಲಿ ಅಮ್ಮನ ದನಿ ಇರ್ಲಿಲ್ಲ. ಅದಕ್ಕೇ ಭವನದಲ್ಲಿ ಕೂತಿರ್ತಿದ್ದೆ. ನೀವಿಬ್ರು ಜಗಳ ಆಡೋವಾಗ ಪಕ್ಕದ ಕೋಣೇಲಿ ಕಣ್ಣು ಮುಚ್ಚಿಕೊಂಡು ಕೇಳಿಸಿಕೊಳ್ತಿದ್ದೆ.”

“ಮತ್ತೆ ನಿಷೇಧ ಯಾಕೆ ಮಾಡಿದ್ರಿ?”

“ದೂರು ಬಂದಿತ್ತಲ್ಲ!”

“ನನ್ನ ಹತ್ರ ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?”

ಅವರು ಬೀದಿಯ ನಡುವೆಯೇ ನಿಂತುಬಿಟ್ಟರು. ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಅವರ ದನಿ ಏರಿತು. “ನೀನು ಯಾವತ್ತಾದ್ರೂ ಕೇಳಿದ್ಯಾ? ಬಂದೋರಿಗೆಲ್ಲ ‘ನಮ್ಮತ್ತೆ ಹೋದ್ರು, ನಮ್ಮತ್ತೆ ಹೋದ್ರು’ ಅಂತಿದ್ದೆ. ನನ್ನಮ್ಮನೂ ಹೋಗಿದ್ಲು ಕಣೇ.”

ಗಂಡ ಒಮ್ಮೆಯಾದರೂ ಎದುರು ಮಾತನಾಡಲೆಂದು ಎಷ್ಟು ವರ್ಷ ಹಂಬಲಿಸಿದ್ದೆ! ಆಡಿದರು. ನಾನು ಮಾತ್ರ ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದು, ಕೊನೆಗೆ ಅವರ ತೋಳು ಹಿಡಿದುಕೊಂಡು ಸುಮ್ಮನೆ ನಡೆದೆ.