ಗುಡ್ಡೆ ಬಾಡಿನ ನ್ಯಾಯ ಮತ್ತು ಒಂದು ಕೆಮ್ಮು

ಪಾಲು ಅಂದಮೇಲೆ ಪಂಚಾಯ್ತಿ ಇದ್ದದ್ದೇ. ಕೆ.ಆರ್. ಪೇಟೆ ಪಕ್ಕದ ನಮ್ಮ ಬೀದಿಯವರು ಯುಗಾದಿಯ ಮಾರನೆಯ ದಿನ, ವರ್ಷತೊಡಕಿಗೆ, ಎಲ್ಲರೂ ಸೇರಿ ಒಂದು ಟಗರು ಕಡಿದು, ಟಾರ್ಪಾಲು ಹಾಸಿ ಅದರ ಮೇಲೆ ಮನೆಗೊಂದು ಗುಡ್ಡೆ ಬಾಡು ಹಾಕಿಕೊಳ್ಳುತ್ತೇವೆ. ನ್ಯಾಯ ಅನ್ನುವುದು ಬೆಳೆದದ್ದನ್ನು ನಾನು ನೋಡಿದ್ದು ಆ ಟಾರ್ಪಾಲಿನ ಮೇಲೆಯೇ.

೧. ಮರ್ಯಾದೆಗೆ ಒಗ್ಗರಣೆ

ಪಾಲು ಹಾಕುವವರು ನಮ್ಮ ದೊಡ್ಡಪ್ಪ. ಮೊದಲೆಲ್ಲ ಅವರೇ ಹಾಕಿ, ಅವರೇ ಮೊದಲು ಎತ್ತಿಕೊಳ್ಳುತ್ತಿದ್ದರು. ಮಜ್ಜೆ ತುಂಬಿದ ನಲ್ಲಿಮೂಳೆಗಳಿಗೆ ಅವರ ಗುಡ್ಡೆಯ ದಾರಿ ಒಂದೇ ಗೊತ್ತಿತ್ತು. ಒಂದು ವರ್ಷ ಎದುರುಮನೆಯಾತ, "ನಾನೂ ಪಾಲ್ನೋನೇ ಅಲ್ವಾ? ಬರೀ ಕತ್ತಿನ ಮೂಳೆ ನಂಗ್ಯಾಕೆ? ನೀವೇ ಉಣ್ಣಿ ಬುಡಿ" ಎಂದು ಖಾಲಿ ಪಾತ್ರೆ ಹಿಡಿದು ಮನೆಗೆ ಹೋದ. ಹೆಂಡತಿ ಮಸಾಲೆ ಅರೆದು ಕಾಯುತ್ತಿದ್ದಳು.

"ಬಾಡೆಲ್ಲಿ?"

"ಮರ್ವಾದೆ ಉಳಿಸ್ಕಂಡು ಬಂದೆ ಕಣೆ."

"ಸರಿ, ಅದ್ಕೇ ಒಗ್ಗರಣೆ ಹಾಕ್ತೀನಿ, ಕುಂತ್ಕಳಿ."

೨. ಕೊನೆಯ ಗುಡ್ಡೆ

ಮುಂದಿನ ವರ್ಷ ದೊಡ್ಡಪ್ಪನ ಜೊತೆ ಪಾಲಿಗೆ ಯಾರೂ ಬರಲಿಲ್ಲ. ಇಡೀ ಟಗರನ್ನು ಒಂದೇ ಮನೆಯವರು ತಿನ್ನೋಕಾಗುತ್ತದೆಯೇ? ಕಡೆಗೆ ಅವರೇ ಸೋತು, "ಹಾಕೋನು ನಾನು, ಕೊನೇಗೆ ಎತ್ಕಳೋನೂ ನಾನೇ, ಬನ್ರಲಾ" ಎಂದರು. ಅಂದಿನಿಂದ ಅವರ ಕಣ್ಣೇ ತಕ್ಕಡಿಯಾಯಿತು. ಈ ಗುಡ್ಡೆಯ ಚೂರು ಆ ಗುಡ್ಡೆಗೆ, ಆ ಗುಡ್ಡೆಯದು ಈ ಗುಡ್ಡೆಗೆ. ಬೇರೆ ಬೀದಿಯವರು ಉಂಡು ತೇಗುವಾಗ ನಾವಿನ್ನೂ ನ್ಯಾಯವನ್ನೇ ನೋಡುತ್ತಾ ಕೂತಿದ್ದೆವು.

೩. ಕೆಮ್ಮು

ಗುಡ್ಡೆಗಳು ಸಮವಾದರೂ ನಲ್ಲಿಮೂಳೆ ಎಲ್ಲ ಗುಡ್ಡೆಗೂ ಸಾಲುವುದಿಲ್ಲವಲ್ಲ. ಆಮೇಲೆ, ಮೊದಲು ಎತ್ತುವವರು ಯಾರು ಎಂಬ ಜಗಳ. ಅದಕ್ಕೆ ಒಬ್ಬ ಗೋಡೆಗೆ ಮುಖ ಮಾಡಿ ನಿಲ್ಲುವುದು, ದೊಡ್ಡಪ್ಪ ಒಂದು ಗುಡ್ಡೆ ಮುಟ್ಟಿ "ಇದ್ಯಾರ್ಗೆ?" ಅನ್ನುವುದು, ಆತ ಹೆಸರು ಕೂಗುವುದು ಎಂದಾಯಿತು.

ಈ ಸಲ ಗೋಡೆಗೆ ನಿಂತವನು ಎದುರುಮನೆಯಾತ. ಅವನ ಹೊಸ ಅಳಿಯ ಮೊದಲ ಸಲ ಊಟಕ್ಕೆ ಬಂದಿದ್ದ. ತಟ್ಟೆಯಲ್ಲಿ ನಲ್ಲಿಮೂಳೆ ಇಲ್ಲದಿದ್ದರೆ ಮಾವ ಮುಖ ಎಲ್ಲಿಟ್ಟುಕೊಳ್ಳಬೇಕು? ದೊಡ್ಡಪ್ಪನಿಗೂ ಮರುಕ ಬಂತು. "ನಲ್ಲಿ ಇರೋ ಗುಡ್ಡೆ ಮುಟ್ದಾಗ ಕೆಮ್ತೀನಿ ಕಣ್ಲಾ. ನಿನ್ ಹೆಸ್ರೇ ಕೂಗ್ಬುಡು" ಎಂದು ಅವನ ಕಿವಿಯಲ್ಲಿ ಹೇಳಿದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು.

ಅಷ್ಟರಲ್ಲಿ ನಮ್ಮ ಮನೆಯಲ್ಲಿ ಮೆಣಸಿನಕಾಯಿ ಹುರಿದರು. ಘಾಟು ಏರಿ ದೊಡ್ಡಪ್ಪ ಕೆಮ್ಮಿದ್ದು ಕತ್ತಿನ ಮೂಳೆಯ ಗುಡ್ಡೆ ಮುಟ್ಟಿಕೊಂಡು. ಆತ ಗೋಡೆ ಅದುರುವಂತೆ ತನ್ನದೇ ಹೆಸರು ಕೂಗಿದ. ತಿರುಗಿ ನೋಡಿದವನ ಮುಖ ಹುಳ್ಳಗಾಯಿತು. ಪಾಪ ಅನ್ನಿಸಿತು. ಕದ್ದ ಕೆಮ್ಮಿಗೆ ತಕರಾರು ತೆಗೆಯುವಂತೆಯೂ ಇಲ್ಲ.

ಆದರೆ ಅಳಿಯ ಅಂದರೆ ಬೀದಿಗೆಲ್ಲ ಅಳಿಯ. ನಲ್ಲಿಮೂಳೆ ಸಿಕ್ಕ ಮನೆಯವರೆಲ್ಲ ಒಬ್ಬರಿಗೊಬ್ಬರು ಹೇಳದೆಯೇ ಬಟ್ಟಲು ಮುಚ್ಚಿಕೊಂಡು ಆ ಮನೆಗೆ ಹೋದರು. ನಾನೂ ಹೋಗಿದ್ದೆ. ಅತ್ತೆ ಸಂತೋಷಕ್ಕೆ ಅಷ್ಟೂ ಮೂಳೆಗಳನ್ನು ಅಳಿಯನ ತಟ್ಟೆಗೇ ಬಡಿಸಿದಳು, ಮುದ್ದೆಯೂ ಕಾಣದ ಹಾಗೆ.

ಅಳಿಯ ತಟ್ಟೆಯನ್ನು ಒಂದು ಸುತ್ತು ತಿರುಗಿಸಿ ನೋಡಿ, ಮೆಲ್ಲಗೆ ಹೇಳಿದ: "ಮಾವ, ನಮ್ ನಾಗಮಂಗಲದ ಕಡೆ ಅಳಿಯಂಗೆ ಬಾಡೂ ಇಕ್ತಾರೆ."