ಏಳೆಂಟ್ಲೆ ಪಾಸಷ್ಟ

ಲೆಕ್ಕದಲ್ಲಿ ನಾನು ಗಟ್ಟಿಗ. ನಮ್ಮ ಸೇಡಂನಲ್ಲಿ ಇದನ್ನು ಒಪ್ಪದವರು ಯಾರೂ ಇರಲಿಲ್ಲ. ನಾಸಿಕಕ್ಕೆ ಗುಮಾಸ್ತನಾಗಿ ಬಂದು ಎರಡು ವರ್ಷವಾದ ಮೇಲೆ ಮಗಳು ನೀಲಾಳನ್ನು ಅಜ್ಜಿಯ ಮನೆಯಿಂದ ಕರೆಸಿಕೊಂಡೆವು. ಅಲ್ಲಿ ಕನ್ನಡದಲ್ಲಿ ಎರಡನೆಯ ತರಗತಿ ಮುಗಿಸಿದ್ದಳು. ಇಲ್ಲಿನ ಮರಾಠಿ ಶಾಲೆ ಮೂರನೆಯದಕ್ಕೆ ಸೇರಿಸಿಕೊಳ್ಳದಿದ್ದರೆ ಮತ್ತೆ ಅಜ್ಜಿಯ ಮನೆಯೇ ಗತಿ. ಮಗಳನ್ನು ಇನ್ನೊಮ್ಮೆ ಬಿಟ್ಟಿರಲು ನನ್ನ ಹೆಂಡತಿ ಕಲಾವತಿ ಸಿದ್ಧಳಿರಲಿಲ್ಲ.

ಶಾಲೆಯ ಪ್ರವೇಶ ಪರೀಕ್ಷೆಯ ಸಿದ್ಧತೆಯನ್ನು ನಾನೇ ವಹಿಸಿಕೊಂಡೆ. ಹದಿನೈದು ದಿನ ಮಗ್ಗಿ ಉರು ಹೊಡೆಸಿದೆ. ಶುದ್ಧ ಕನ್ನಡದಲ್ಲಿ!

"ಅಲ್ರೀ, ಅವರು ಮರಾಠ್ಯಾಗ ಕೇಳ್ತಾರಲ್ರಿ?" ಎಂದಳು ಕಲಾವತಿ, ರೊಟ್ಟಿ ಬಡಿಯುತ್ತಲೇ.

"ಲೆಕ್ಕಕ್ಕ ಯಾವ ಭಾಷಾ? ಏಳೆಂಟ್ಲೆ ಐವತ್ತಾರು ಸೇಡಂದಾಗೂ ಅಷ್ಟ, ನಾಸಿಕದಾಗೂ ಅಷ್ಟ. ನೀ ಸುಮ್ಕಿರು."

ಅವಳು ಮುಂದಿನ ರೊಟ್ಟಿಗೆ ಹಿಟ್ಟು ತೆಗೆದುಕೊಂಡಳು. ನಾನು ಗೆದ್ದೆ ಅಂದುಕೊಂಡೆ.

ಹೆಡ್‌ಮಾಸ್ತರರು ಕೇಳಿದ್ದು ಅದನ್ನೇ. "ಸಾತ ಆಠೆ ಕಿತಿ?"

ನೀಲಾ ಕಣ್ಣು ಮುಚ್ಚಿ, 'ಏಳೊಂದ್ಲೆ ಏಳು' ಎಂದು ಮೊದಲಿನಿಂದ ಗುನುಗತೊಡಗಿದಳು.

"ಹುಡುಗಿ ಮಂತ್ರ ಹೇಳ್ತಿದಾಳಾ?" ಎಂದು ಅವರು ಮರಾಠಿಯಲ್ಲಿ ಕೇಳಿದರು.

"ಐವತ್ತಾರು" ಎಂದಳು ನೀಲಾ.

ಅವರು ನನ್ನ ಮುಖ ನೋಡಿದರು. ಮರಾಠಿಯ ಎಣಿಕೆ ನಲವತ್ತು ದಾಟಿದ ಮೇಲೆ ನನಗೆ ಕತ್ತಲೆ. ಆದರೂ ಗುಮಾಸ್ತನ ಮರ್ಯಾದೆ ಇದೆಯಲ್ಲ! ಎದೆಯುಬ್ಬಿಸಿ ಹೇಳಿದೆ: "ಪಾಸಷ್ಟ."

ಪಾಸಷ್ಟ ಎಂದರೆ ಅರವತ್ತೈದು.

ಅವರ ಪೆನ್ನು ಒಂದನೆಯ ತರಗತಿಯ ರಿಜಿಸ್ಟರಿನ ಕಡೆ ಹೊರಟಿತು. ಆಗ ಬಾಗಿಲ ಬಳಿಯಿಂದ ಮೆಲ್ಲಗೆ ಮರಾಠಿ ಕೇಳಿಸಿತು. "ಛಪ್ಪನ್ನ, ಗುರುಜೀ. ಹುಡುಗಿ ಸರಿಯಾಗೇ ಹೇಳಿದಾಳೆ. ತಪ್ಪಿದ್ದು ಇವರು."

ಕಲಾವತಿ! ಹೆಡ್‌ಮಾಸ್ತರರು ಏಳೊಂಬತ್ತು ಕೇಳಿದರು, ಎಂಟೊಂಬತ್ತು ಕೇಳಿದರು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವಳು ಒಂದಕ್ಕೂ ತಡವರಿಸಲಿಲ್ಲ. ಅವರು ನಕ್ಕು, "ತಾಯಿ ಇಷ್ಟು ಕಲಿತಿದ್ದರೆ ಮಗಳು ಮೂರನೆಯದರಲ್ಲೇ ಕೂಡಲಿ. ತಂದೆ ಬೇಕಾದರೆ ಒಂದನೆಯದಕ್ಕೆ ಬರಲಿ" ಎಂದರು.

ದಾರಿಯಲ್ಲಿ ಕೇಳಿದೆ, "ಇದೆಲ್ಲಾ ಯಾವಾಗ ಕಲತಿ?"

"ದಿನಾ ಸಂಜಿಕಿ ವಾಡಾದ ಅಂಗಳದಾಗ ಪಕ್ಕದ ಮನಿ ಹುಡುಗರು ಮರಾಠಿ ಮಗ್ಗಿ ಒದರ್ತಾರಲ್ರಿ. ರೊಟ್ಟಿ ಬಡೀತಾ ಕೇಳ್ದೆ. ಒಂದು ರೊಟ್ಟಿಗಿ ಒಂದು ಮಗ್ಗಿ ಮುಗೀತದ."

"ಮತ್ತ ಹೇಳಬಾರದಾ?"

"ಸುಮ್ಕಿರು ಅಂದ್ರಲ್ರಿ."

ಆ ರೊಟ್ಟಿಗಳನ್ನೆಲ್ಲ ನಾನೇ ತಿಂದಿದ್ದೆ. ಮಗ್ಗಿ ಮಾತ್ರ ಹೊಟ್ಟೆಗೆ ಇಳಿದಿರಲಿಲ್ಲ. ಕಲಿಯೋಣ, ಅವಸರವೇನು, ಅಡುಗೆಮನೆಯಲ್ಲಿ ಅವಳಿದ್ದಾಳಲ್ಲ ಎಂದು ವರ್ಷಗಳನ್ನು ಕಳೆದೆ.

ಹೋದ ವಾರ ಅವಳ ಮೊದಲ ಪುಣ್ಯತಿಥಿ. ಊಟಕ್ಕೆ ಏಳು ಸಾಲು, ಸಾಲಿಗೆ ಎಂಟು ಜನ. ಎಷ್ಟು ಎಲೆ ಹಾಕಲಿ ಎಂದು ಮರಾಠಿ ಅಡುಗೆಯವನು ಕೇಳಿದ. ಗಟ್ಟಿಯಾಗಿ ಹೇಳಿದೆ.

ಒಂಬತ್ತು ಎಲೆ ಹೆಚ್ಚಾದವು.

"ಅಪ್ಪಾ, ಇನ್ನೂ ಪಾಸಷ್ಟ ಏನ್ರಿ?" ಎಂದು ನೀಲಾ ನಕ್ಕಳು. ಒಂದು ವರ್ಷದಲ್ಲಿ ಅವಳು ನಕ್ಕಿದ್ದು ಅಂದೇ ಮೊದಲು.

ಹೆಡ್‌ಮಾಸ್ತರರ ತೀರ್ಪು ಇಂದಿಗೂ ಜಾರಿಯಲ್ಲಿದೆ. ನಾನಿನ್ನೂ ಒಂದನೆಯ ತರಗತಿ. ಬಾಗಿಲ ಬಳಿ ನಿಂತು ಉತ್ತರ ಹೇಳಿಕೊಡುವವಳು ಮಾತ್ರ ಇಲ್ಲ.